ಮೂರು ಮಿಲಿಮೀಟರ್ ಕಮ್ಮಿ: ಒಂದು ಪಾರ್ಕಿನ ಅಳತೆ ಕೋಲಿನ ವಿಮರ್ಶೆ

ಈ ಅಮ್ಯೂಸ್‌ಮೆಂಟ್ ಪಾರ್ಕಿನ ನೀರು ಹೇಗಿದೆ, ಶೌಚಾಲಯ ಹೇಗಿದೆ, ಗಾಡಿ ನಿಲ್ಲಿಸಲು ಜಾಗ ಇದೆಯಾ ಅಂತ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ಬರೆಯುತ್ತಿರುವುದು ಒಂದು ಕೋಲಿನ ಬಗ್ಗೆ. ರೈಡಿನ ಬಾಗಿಲಲ್ಲಿ ಇರುತ್ತದಲ್ಲ, ಮಕ್ಕಳ ಎತ್ತರ ನೋಡುವ ಕೋಲು, ಅದರ ಬಗ್ಗೆ. ಕೋಲಿಗೆ ಐದಕ್ಕೆ ಐದು ಕೊಡುತ್ತೇನೆ. ಅದನ್ನು ಎಲ್ಲಿ ಇಟ್ಟಿದ್ದಾರೆ ಎನ್ನುವುದಕ್ಕೆ ಒಂದೂವರೆ.

ಪಾರ್ಕಿನ ಹೆಸರು ಹಾಕುತ್ತಿಲ್ಲ. ಅವರಿಗೆ ಬೇರೆಯಾಗಿ ಬರೆದು ಕಳಿಸಿದ್ದೇನೆ, ಸರಿ ಮಾಡುತ್ತಾರೇನೋ ನೋಡೋಣ. ಅಲ್ಲದೆ ನನಗೆ ಆಗಿದ್ದು ಯಾವ ಪಾರ್ಕಿನಲ್ಲಾದರೂ ಆಗಬಹುದಾದದ್ದೇ.

ಮೊದಲು ನನ್ನ ಬಗ್ಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ "ಇವಳಿಗೇಕೆ ಮಿಲಿಮೀಟರ್ ಗೀಳು" ಅನ್ನುತ್ತೀರಿ. ನಾನು ಬಟ್ಟೆ ಹೊಲಿಯುವವಳು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಪರ್ಸಿನಲ್ಲಿ ದುಡ್ಡು ಇಲ್ಲದೆ ಹೊರಗೆ ಹೋಗಿದ್ದೇನೆ, ಟೇಪು ಇಲ್ಲದೆ ಹೋಗಿಲ್ಲ. ಬಟ್ಟೆಯ ಟೇಪು ಹಳೆಯದಾದಷ್ಟೂ ಎಳೆದುಕೊಳ್ಳುತ್ತದೆ ಅಂತ ಗೊತ್ತಿರುವುದರಿಂದ ತಿಂಗಳಿಗೊಮ್ಮೆ ಅದನ್ನು ಸ್ಟೀಲ್ ಸ್ಕೇಲಿಗೆ ಹಿಡಿದು ನೋಡುತ್ತೇನೆ. ಆ ದಿನವೂ ಟೇಪು ಪರ್ಸಿನಲ್ಲೇ ಇತ್ತು. ಇಷ್ಟು ದೊಡ್ಡ ಕಥೆ ಆದದ್ದು ಅದರಿಂದಲೇ.

ಹೋದವರು ಐದು ಜನ. ನಾನು, ತಂಗಿ, ಅವಳ ಗಂಡ, ಅವರ ಇಬ್ಬರು ಮಕ್ಕಳು. ದೊಡ್ಡವಳಿಗೆ ಎಂಟು ವರ್ಷ, 128 ಸೆಂಟಿಮೀಟರ್. ಚಿಕ್ಕವನಿಗೆ ನಾಲ್ಕು ವರ್ಷ ಎರಡು ತಿಂಗಳು. ಮನೆಯಲ್ಲಿ ಗುಂಡ ಅನ್ನುತ್ತೇವೆ, ಇಲ್ಲೂ ಹಾಗೇ ಇರಲಿ. ಗುಂಡನಿಗೆ ಒಂದು ತಿಂಗಳಿಂದ ಒಂದೇ ಜಪ: ಗುಹೆ ಒಳಗೆ ಹೋಗುವ ಆ ಚಿಕ್ಕ ರೋಲರ್ ಕೋಸ್ಟರು. ಪಾರ್ಕಿನವರ ವಿಡಿಯೋವನ್ನು ನಮ್ಮ ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದಾನೋ ಲೆಕ್ಕ ಇಲ್ಲ. ಅದಕ್ಕೆ ಬೇಕಾದ ಎತ್ತರ 40 ಇಂಚು ಅಥವಾ 102 ಸೆಂಟಿಮೀಟರ್ ಅಂತ ಅವರ ಸೈಟಿನಲ್ಲಿ ಇತ್ತು. "ಅಥವಾ" ಅನ್ನುವ ಪದ ನೆನಪಿಟ್ಟುಕೊಳ್ಳಿ.

ಹೊರಡುವ ದಿನ ಬೆಳಿಗ್ಗೆ ಆರೂವರೆಗೆ, ಹಾಸಿಗೆಯಿಂದ ಎದ್ದವನನ್ನು ಹಾಗೇ ಬಾಗಿಲಿನ ಚೌಕಟ್ಟಿಗೆ ನಿಲ್ಲಿಸಿ ಅಳೆದೆ. ಬರಿಗಾಲು, ಹಿಮ್ಮಡಿ ಗೋಡೆಗೆ, ತಲೆ ಮೇಲೆ ಒಂದು ಗಟ್ಟಿ ಪುಸ್ತಕ. 102.2. "ಆಯ್ತು, ನೀನು ಪಾಸು" ಅಂದುಬಿಟ್ಟೆ. ಆ ಮಾತು ಆಡಬಾರದಿತ್ತು.

ಪಾರ್ಕಿನ ಗೇಟು ದಾಟಿದ ಕೂಡಲೇ ಒಂದು ಕರಡಿ ನಿಂತಿದೆ. ಫೈಬರಿನದು. ಒಂದು ಕೈ ಮುಂದೆ ಚಾಚಿದೆ, ಕೈ ಕೆಳಗೆ "102" ಅಂತ ಬರೆದಿದೆ. ತಲೆ ಕೈಗೆ ತಾಗಿದರೆ ನೀನು ದೊಡ್ಡವನು ಅಂತ ಲೆಕ್ಕ. ಗುಂಡ ಹೋಗಿ ನಿಂತ. ತಲೆ ತಾಗಿತು. ತಾಗಿದ್ದಷ್ಟೇ ಅಲ್ಲ, ಕತ್ತು ಸ್ವಲ್ಪ ಬಗ್ಗಿಸಬೇಕಾಯಿತು. ತಂಗಿ ಫೋಟೋ ತೆಗೆದಳು. ನಮ್ಮ ಮಟ್ಟಿಗೆ ಅಲ್ಲಿಗೆ ಪರೀಕ್ಷೆ ಮುಗಿಯಿತು.

ಬೆಳಗಿನ ಹೊತ್ತೆಲ್ಲ ನೀರಿನಲ್ಲಿ ಕಳೆಯಿತು. ಅದನ್ನು ಬಿಡುತ್ತೇನೆ. ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಗುಹೆ ಕೋಸ್ಟರಿನ ಕ್ಯೂನಲ್ಲಿ ನಿಂತೆವು. ಐವತ್ತು ನಿಮಿಷ ಅಂತ ಬೋರ್ಡಿನಲ್ಲಿತ್ತು, ಐವತ್ತೆಂಟು ಆಯಿತು. ನಾಲ್ಕು ವರ್ಷದ ಹುಡುಗ ಐವತ್ತೆಂಟು ನಿಮಿಷ ಒಂದು ಸಲವೂ ಹಟ ಮಾಡದೆ ನಿಂತ. ಅವನ ಆಸೆ ಎಷ್ಟಿತ್ತು ಅಂತ ತಿಳಿಯಲು ಅಷ್ಟು ಸಾಕು.

ಕ್ಯೂನಲ್ಲಿ ನಿಂತಾಗ ನೋಡಿದ ಒಂದೆರಡು ಮಜಾ ಹೇಳುತ್ತೇನೆ. ನಮ್ಮ ಮುಂದಿನ ಹುಡುಗಿಗೆ ಅವಳಮ್ಮ ನೆತ್ತಿ ಮೇಲೆ ಎತ್ತರಕ್ಕೆ ಗಂಟು ಕಟ್ಟಿ ಕರೆದುಕೊಂಡು ಬಂದಿದ್ದರು. ಆಪರೇಟರ್ ಹುಡುಗ ಏನೂ ಮಾತಾಡದೆ ಗಂಟನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಕೋಲು ಇಟ್ಟ. ಅದಕ್ಕೂ ಮುಂದೆ ಒಬ್ಬರು ಮಗನ ಶೂ ಒಳಗೆ ಮಡಿಚಿದ ಕಾಗದ ತುರುಕುತ್ತಿದ್ದರು. ನನಗೆ ನಗು ಬಂತು. ಆ ನಗು ನನ್ನ ಸರದಿ ಬರುವವರೆಗೆ ಮಾತ್ರ.

ಗುಂಡನ ಸರದಿ ಬಂತು. ಇಪ್ಪತ್ತೋ ಇಪ್ಪತ್ತೊಂದೋ ವಯಸ್ಸಿನ ಹುಡುಗ. "ಚಪ್ಪಲಿ ಬಿಚ್ಚು ಪುಟ್ಟ" ಅಂದ. ಗುಂಡ ಬಿಚ್ಚಿದ. ಕೋಲಿನ ಅಡ್ಡಪಟ್ಟಿಯ ಕೆಳಗೆ ನಿಲ್ಲಿಸಿದ. ಪಟ್ಟಿ ತಲೆಗೆ ತಾಗಲಿಲ್ಲ. ಮಧ್ಯೆ ಒಂದು ಎಳೆ ಬೆಳಕು ಕಾಣುತ್ತಿತ್ತು.

ಹುಡುಗ ಇನ್ನೊಮ್ಮೆ ನೇರ ನಿಲ್ಲಿಸಿ ನೋಡಿದ. ಮತ್ತೆ ಅದೇ. ಆಮೇಲೆ ಅವನು ಮಾಡಿದ್ದು ನನಗೆ ತುಂಬಾ ಹಿಡಿಸಿತು. ನಮ್ಮ ಕಡೆ ನೋಡಲಿಲ್ಲ. ಮೊಣಕಾಲೂರಿ ಕೂತು ಗುಂಡನ ಮುಖ ನೋಡಿ ಹೇಳಿದ: "ಇವತ್ತು ಆಗಲ್ಲ ಪುಟ್ಟ. ಇನ್ನೊಂಚೂರು ಬೆಳೆದು ಬಾ, ಮುಂದಿನ ಸೀಟಲ್ಲೇ ಕೂರಿಸ್ತೀನಿ."

ಗುಂಡ ಅಳಲಿಲ್ಲ. ಚಪ್ಪಲಿ ಹಾಕಿಕೊಳ್ಳಲು ಶುರು ಮಾಡಿದ, ಎಡದ್ದು ಬಲಕ್ಕೆ.

ತಂಗಿ ಗಂಡ ಬಿಡಲಿಲ್ಲ. "ಏನಪ್ಪಾ, ಕೂದಲೆಳೆಯಷ್ಟು ಕಮ್ಮಿ. ನಾನು ಪಕ್ಕದಲ್ಲೇ ಕೂತು ಹಿಡ್ಕೋತೀನಿ." ಹುಡುಗ ಎದ್ದು ನಿಂತ. "ಸಾರ್, ನೀವು ಪಕ್ಕದಲ್ಲಿ ಕೂತರೆ ಇನ್ನೂ ಕಷ್ಟ ಸಾರ್. ಸೀಟಿನ ಕಂಬಿ ನಿಮ್ಮ ತೊಡೆಗೆ ಬಂದು ನಿಲ್ಲುತ್ತೆ, ಇವನ ತೊಡೆಗೆ ಅಲ್ಲ."

ನಾನು ಪರ್ಸಿನಿಂದ ಟೇಪು ತೆಗೆದೆ. ಹಿಂದೆ ನಿಂತಿದ್ದವರೆಲ್ಲ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಕೇಳಿಸಿದರೂ ಅಳೆದೆ. 101.7.

ಈಗ ಆ "ಅಥವಾ"ಗೆ ಬರೋಣ. 40 ಇಂಚು ಅಂದರೆ ಸರಿಯಾಗಿ 101.6 ಸೆಂಟಿಮೀಟರ್. ಒಂದಿಂಚಿಗೆ 2.54, ಗುಣಿಸಿ ನೋಡಿ. ಬೋರ್ಡು ಬರೆಯುವವರು ಅದನ್ನು 102 ಅಂತ ಪೂರ್ತಿ ಮಾಡುತ್ತಾರೆ. ಅಂದರೆ ಇಂಚಿನ ಲೆಕ್ಕದಲ್ಲಿ ಗುಂಡ ಒಂದು ಮಿಲಿಮೀಟರ್ ಜಾಸ್ತಿ ಇದ್ದ. ಸೆಂಟಿಮೀಟರ್ ಲೆಕ್ಕದಲ್ಲಿ ಮೂರು ಮಿಲಿಮೀಟರ್ ಕಮ್ಮಿ. ಒಂದೇ ಬೋರ್ಡಿನಲ್ಲಿ ಅವನು ಪಾಸೂ ಹೌದು, ಫೇಲೂ ಹೌದು. ಅಲ್ಲಿನ ಕೋಲು ಮಾತ್ರ 102ಕ್ಕೆ ಕಟ್ಟಿದ್ದು.

ನಾನು ಅದನ್ನೂ ಹೇಳಿದೆ. ಹುಡುಗ ಒಂದು ಕ್ಷಣ ಯೋಚಿಸಿ ಹೇಳಿದ: "ಇರಬಹುದು ಆಂಟಿ. ನನಗೆ ಕೊಟ್ಟಿರೋದು ಈ ಕೋಲು." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರ ಹೊಲಿಗೆ ಕಲಿತ ಹುಡುಗಿಯರಿಗೆ ನಾನೇ ಹೇಳಿಕೊಟ್ಟ ಮಾತು ಅದು: ಒಂದು ಬಟ್ಟೆ ಶುರು ಮಾಡಿದ ಟೇಪಿನಲ್ಲೇ ಮುಗಿಸಬೇಕು. ಮಧ್ಯೆ ಟೇಪು ಬದಲಾಯಿಸಿದರೆ ಎಡದ ತೋಳು ಬೇರೆ, ಬಲದ ತೋಳು ಬೇರೆ ಆಗುತ್ತದೆ. ಮೂರು ಮಿಲಿಮೀಟರ್ ಬಿಟ್ಟವನು ಐದು ಬಿಡುತ್ತಾನೆ, ಐದು ಬಿಟ್ಟವನು ಒಂದು ಸೆಂಟಿಮೀಟರ್ ಬಿಡುತ್ತಾನೆ. ಕ್ಯೂನಲ್ಲಿ ನಿಂತ ಪ್ರತಿಯೊಬ್ಬ ಅಪ್ಪನಿಗೂ ತನ್ನ ಮಗುವಿನದು ಕೂದಲೆಳೆ ಕಮ್ಮಿ ಅಂತಲೇ ಕಾಣುವುದು.

ಹಾಗಾದರೆ ಬೆಳಗಿನ 102.2 ಎಲ್ಲಿ ಹೋಯಿತು? ನನ್ನ ಟೇಪಿನ ತಪ್ಪಲ್ಲ, ಗುಂಡನ ತಪ್ಪೂ ಅಲ್ಲ. ಮನುಷ್ಯರು ಬೆಳಿಗ್ಗೆ ಸ್ವಲ್ಪ ಉದ್ದ, ಸಂಜೆ ಸ್ವಲ್ಪ ಗಿಡ್ಡ. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂತಹ ಡಿಸ್ಕುಗಳಿವೆ. ರಾತ್ರಿ ಮಲಗಿದಾಗ ನೀರು ಹೀರಿ ಉಬ್ಬುತ್ತವೆ. ಎದ್ದು ಓಡಾಡಿದಂತೆ ಮೈಭಾರಕ್ಕೆ ಅಮುಕಿಕೊಳ್ಳುತ್ತವೆ. ದೊಡ್ಡವರಲ್ಲಿ ಇದು ಒಂದು ಸೆಂಟಿಮೀಟರಿಗಿಂತಲೂ ಜಾಸ್ತಿ ಆಗಬಹುದು, ಮಕ್ಕಳಲ್ಲಿಯೂ ಆಗುತ್ತದೆ. ಎದ್ದ ಮೊದಲ ಒಂದೆರಡು ಗಂಟೆಯಲ್ಲೇ ಹೆಚ್ಚಿನ ಪಾಲು ಇಳಿದುಬಿಡುತ್ತದೆ. ಮಗುವಿನ ಎತ್ತರ ಗೆರೆಯ ಹತ್ತಿರ ಇದ್ದರೆ ಹಾಸಿಗೆಯಿಂದ ಎದ್ದ ಕೂಡಲೇ ಅಳೆಯಬೇಡಿ. ಸಂಜೆ ಆಡಿ ಬಂದ ಮೇಲೆ ಅಳೆಯಿರಿ. ಆ ಅಂಕೆಯನ್ನೇ ನಂಬಿ.

ಇನ್ನೊಂದು ವಿಷಯ ಮನೆಗೆ ಬಂದ ಮೇಲೆ ನೋಡಿದೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಪಟ್ಟಿಯಲ್ಲಿ ನಾಲ್ಕು ತುಂಬಿದ ಗಂಡುಮಕ್ಕಳ ನಡುವಿನ ಎತ್ತರ 103.3 ಸೆಂಟಿಮೀಟರ್, ಹೆಣ್ಣುಮಕ್ಕಳದು 102.7. ನಡುವಿನ ಎತ್ತರ ಅಂದರೆ ಅರ್ಧ ಮಕ್ಕಳು ಅದಕ್ಕಿಂತ ಮೇಲೆ, ಅರ್ಧ ಕೆಳಗೆ. ಅಂದರೆ ಈ 102ರ ಗೆರೆ ನಾಲ್ಕು ವರ್ಷದ ಮಕ್ಕಳ ಗುಂಪಿನ ಹೆಚ್ಚುಕಮ್ಮಿ ನಟ್ಟನಡುವೆ ಹಾದುಹೋಗುತ್ತದೆ. ಒಂದೇ ತರಗತಿಯ ಇಬ್ಬರು ಗೆಳೆಯರಲ್ಲಿ ಒಬ್ಬ ಒಳಗೆ, ಒಬ್ಬ ಹೊರಗೆ. ಮಗು ಗಿಡ್ಡ ಅಂತ ಯಾರೂ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಐದಕ್ಕೆ ಬರುವ ಹೊತ್ತಿಗೆ ಹುಡುಗರ ನಡುವಿನ ಎತ್ತರ 110. ವರ್ಷಕ್ಕೆ 6.7 ಸೆಂಟಿಮೀಟರ್. ಮೂರು ಮಿಲಿಮೀಟರ್ ಅಂದರೆ ಎಷ್ಟು ದಿನ ಅಂತ ಲೆಕ್ಕ ಹಾಕಿದೆ. ಹದಿನಾರು, ಹದಿನೇಳು ದಿನ. ಗುಂಡ ಎರಡು ವಾರ ಬೇಗ ಹೋಗಿದ್ದ, ಅಷ್ಟೇ.

ಈಗ ಆ ಹುಡುಗ ಹೇಳಿದ ಕಂಬಿಯ ವಿಷಯ. ಮೊದಲು ನನಗೂ ಎತ್ತರಕ್ಕೂ ಕೂರುವುದಕ್ಕೂ ಏನು ಸಂಬಂಧ ಅನ್ನಿಸಿತ್ತು. ಕೂತ ಮೇಲೆ ಎಲ್ಲರೂ ಕೂತವರೇ ಅಲ್ವಾ? ಆಮೇಲೆ ಅಕ್ಕತಂಗಿಯರಿಬ್ಬರೂ ದೊಡ್ಡವಳನ್ನು ಕರೆದುಕೊಂಡು ಅದೇ ಕೋಸ್ಟರಿನಲ್ಲಿ ಕೂತಾಗ ಅರ್ಥವಾಯಿತು. ತೊಡೆ ಮೇಲೆ ಒಂದು ದಪ್ಪ ಕಂಬಿ ಬಂದು ಕೂರುತ್ತದೆ. ಕೋಸ್ಟರ್ ದಿಬ್ಬ ಹತ್ತಿ ಸಟ್ಟನೆ ಇಳಿಯುವಾಗ ಗಾಡಿ ಕೆಳಗೆ ಹೋಗುತ್ತದೆ, ಮೈ ಮಾತ್ರ ಮೇಲಕ್ಕೇ ಹೋಗಲು ನೋಡುತ್ತದೆ. ಹೊಟ್ಟೆಯಲ್ಲಿ ಚಿಟ್ಟೆ ಹಾರಿದಂತೆ ಆಗುತ್ತದಲ್ಲ, ಆ ಹೊತ್ತು. ಆಗ ನಮ್ಮನ್ನು ಸೀಟಿನಲ್ಲಿ ಹಿಡಿದಿಡುವುದು ಆ ಕಂಬಿ ಒಂದೇ. ಅದು ತೊಡೆಗೂ ಸೊಂಟಕ್ಕೂ ಸೇರುವ ಮಡಿಕೆಯಲ್ಲಿ ಗಟ್ಟಿಯಾಗಿ ಕೂತಿರಬೇಕು. ಚಿಕ್ಕ ಮಗುವಿನ ತೊಡೆ ತೆಳ್ಳಗೆ, ಗಿಡ್ಡಗೆ. ಕಂಬಿ ಪೂರ್ತಿ ಇಳಿದರೂ ಸಂದು ಉಳಿಯುತ್ತದೆ. ಮಗು ಮುಂದಕ್ಕೆ ಜಾರಿ ಕಂಬಿಯ ಕೆಳಗಿಂದ ನುಸುಳಬಹುದು, ಇಲ್ಲವೇ ಮೇಲಿಂದ ಏಳಬಹುದು. ಪಾದ ಕೆಳಗೆ ಊರಲು ಆಗುವುದಿಲ್ಲ. ಮೈಗೆ ಹೋಲಿಸಿದರೆ ತಲೆ ಭಾರ, ಕತ್ತಿನಲ್ಲಿ ಇನ್ನೂ ಕಸುವಿಲ್ಲ. ಹೆಗಲ ಮೇಲಿಂದ ಬರುವ ಪಟ್ಟಿಯ ರೈಡುಗಳಲ್ಲಂತೂ ಗಿಡ್ಡ ಮಗುವಿಗೆ ಹೆಗಲಿಗೆ ಬರಬೇಕಾದದ್ದು ಕಿವಿಯ ಹತ್ತಿರ ಬರುತ್ತದೆ.

ಹೊಲಿಯುವವಳಾಗಿ ನನಗೆ ಇದು ಬೇಗ ಹೊಳೆಯಿತು. ನಿಜವಾಗಿ ಅವರಿಗೆ ಬೇಕಿರುವುದು ಎತ್ತರವಲ್ಲ. ತೊಡೆಯ ಸುತ್ತಳತೆ, ಸೊಂಟದಿಂದ ಮೊಣಕಾಲಿನ ಉದ್ದ, ಕೂತಾಗ ಹೆಗಲು ಎಲ್ಲಿ ಬರುತ್ತದೆ, ಇವು ಬೇಕು. ಜೊತೆಗೆ "ಕೈ ಬಿಡಬೇಡ" ಅಂದರೆ ಕೇಳುವ ಬುದ್ಧಿ ಬೇಕು. ಇಷ್ಟನ್ನೂ ಪ್ರತಿ ಮಗುವಿಗೆ ಅಳೆಯುತ್ತಾ ಕೂತರೆ ಕ್ಯೂ ರಾತ್ರಿಯಾದರೂ ಕರಗುವುದಿಲ್ಲ. ಆದ್ದರಿಂದ ಒಂದೇ ಅಳತೆ ಹಿಡಿದು ಉಳಿದದ್ದನ್ನು ಊಹಿಸುತ್ತಾರೆ. ರೆಡಿಮೇಡ್ ಬಟ್ಟೆಯವರು ಮಾಡುವುದೂ ಇದನ್ನೇ. ಎದೆ ಇಷ್ಟಿದ್ದರೆ ತೋಳು ಇಷ್ಟಿರುತ್ತದೆ ಅಂತ ಲೆಕ್ಕ. ನೂರರಲ್ಲಿ ಬಹಳ ಜನಕ್ಕೆ ಸರಿ ಹೋಗುತ್ತದೆ. ಕೆಲವರಿಗೆ ಇಲ್ಲ. ಉದ್ದ ಇದ್ದು ಕಡ್ಡಿಯಂತಿರುವ ಮಗು ಕೋಲು ದಾಟುತ್ತದೆ, ಕಂಬಿಯಲ್ಲಿ ಲೂಸಾಗುತ್ತದೆ. ಅದಕ್ಕೇ ಕೋಲು ದಾಟಿದ ಮೇಲೂ ಆಪರೇಟರ್ ಬಂದು ಕಂಬಿಯನ್ನು ಎಳೆದು ನೋಡಬೇಕು, ಬೆಲ್ಟನ್ನು ಕಣ್ಣಾರೆ ನೋಡಬೇಕು.

2021ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕೊಲರಾಡೊದಲ್ಲಿ ಮೇಲಿಂದ ಸಟ್ಟನೆ ಕೆಳಗೆ ಬೀಳುವ ಒಂದು ರೈಡಿನಲ್ಲಿ ಆರು ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಬೆಲ್ಟು ಅವಳ ಮೇಲೆ ಇರಲಿಲ್ಲ, ಅವಳು ಬೆಲ್ಟಿನ ಮೇಲೆ ಕೂತಿದ್ದಳು. ನಡೆಸುವವರು ಅದನ್ನು ಗಮನಿಸಲಿಲ್ಲ ಅಂತ ತನಿಖೆಯಲ್ಲಿ ಬಂತು. ಅದನ್ನು ಓದಿದ ಮೇಲೆ ನಾನು ಯಾವ ರೈಡಿನಲ್ಲೂ ನಮ್ಮ ಮಕ್ಕಳ ಬೆಲ್ಟಿಗೆ ಕೈ ಹಾಕಿ ನೋಡದೆ ಬಿಡುವುದಿಲ್ಲ.

ಈ ಅಂಕೆಗಳನ್ನು ಪಾರ್ಕಿನವರು ಮನಸ್ಸಿಗೆ ಬಂದಂತೆ ಇಡುವುದಿಲ್ಲ. ರೈಡು ಕಟ್ಟಿದ ಕಂಪನಿ ಹೇಳಿಕೊಡುತ್ತದೆ. ಪಾರ್ಕಿನವರು ಅದಕ್ಕಿಂತ ಬಿಗಿ ಮಾಡಬಹುದು, ಸಡಿಲ ಮಾಡಬಾರದು. ಅಮೆರಿಕದಲ್ಲಿ ಎಎಸ್‌ಟಿಎಂ ಸಂಸ್ಥೆಯ ಎಫ್24 ಅನ್ನುವ ಸಮಿತಿ 1978ರಿಂದ ಇಂಥ ಮಾನದಂಡ ಬರೆಯುತ್ತಾ ಬಂದಿದೆ. ರೈಡು ಎಷ್ಟು ಎಳೆಯುತ್ತದೆ, ಎಷ್ಟು ಎತ್ತಿ ಹಾಕುತ್ತದೆ ಎನ್ನುವುದರ ಮೇಲೆ ಯಾವ ಬಗೆಯ ಕಂಬಿ ಬೇಕು ಅಂತ ಅದರಲ್ಲಿ ದರ್ಜೆಗಳಿವೆ. ಯೂರೋಪಿನವರಿಗೆ ಇಎನ್ 13814 ಅನ್ನುವ ಮಾನದಂಡ ಇದೆ.

ಆದ್ದರಿಂದ ರೈಡಿನ ಹೆಸರು ನೋಡಿ ಎತ್ತರ ಊಹಿಸಬೇಡಿ. ಡಿಸ್ನಿಯವರ ಸ್ಪೇಸ್ ಮೌಂಟನ್ ಅನ್ನುವ ಕತ್ತಲೆ ಕೋಸ್ಟರ್ ಕ್ಯಾಲಿಫೋರ್ನಿಯಾದಲ್ಲಿ 40 ಇಂಚು ಕೇಳುತ್ತದೆ, ಫ್ಲಾರಿಡಾದಲ್ಲಿ 44. ಹೆಸರು ಒಂದೇ, ಗಾಡಿ ಬೇರೆ, ಹಳಿ ಬೇರೆ. ಅದೇ ಫ್ಲಾರಿಡಾದ ಮಕ್ಕಳ ಕಾರ್ ರೈಡು ಇನ್ನೂ ಮಜಾ: ದೊಡ್ಡವರ ಪಕ್ಕ ಕೂರಲು 32 ಇಂಚು ಸಾಕು, ಒಬ್ಬರೇ ಓಡಿಸಬೇಕಾದರೆ 54. ಪೆಡಲಿಗೆ ಕಾಲು ಸಿಗಬೇಕಲ್ಲ! ಯೂನಿವರ್ಸಲ್‌ನವರ ಹಲ್ಕ್ ಕೋಸ್ಟರಿಗೂ 54. "ಈ ಪಾರ್ಕಿನಲ್ಲಿ ನಾಲ್ಕು ವರ್ಷದವರಿಗೆ ಏನಿದೆ" ಅಂತ ಕೇಳುವ ಬದಲು "102ಕ್ಕೆ ಏನಿದೆ" ಅಂತ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.

ನಾವು ಹೋದ ಪಾರ್ಕಿನಲ್ಲಿ ದೊಡ್ಡವಳ ಪಾಡು ಇನ್ನೊಂದು ಥರ. ಪುಟಾಣಿಗಳ ಜಾಗದಲ್ಲಿ ಕಪ್ಪೆ ಕುಪ್ಪಳಿಸುವ ರೈಡಿಗೆ 120ಕ್ಕಿಂತ ಜಾಸ್ತಿ ಇರಬಾರದು. ಪಾರ್ಕಿನ ದೊಡ್ಡ ಕೋಸ್ಟರಿಗೆ 137. ಇವಳು 128. "ದೊಡ್ಡಮ್ಮಾ, ನಾನು ಚಿಕ್ಕವಳೂ ಅಲ್ಲ, ದೊಡ್ಡವಳೂ ಅಲ್ವಾ?" ಅಂತ ಕೇಳಿದಳು. ಚಿಕ್ಕ ರೈಡಿನ ಮೇಲ್ಮಿತಿಗೂ ಕಾರಣ ಇದೆ. ಉದ್ದದ ಮಕ್ಕಳ ಮೊಣಕಾಲು ಮುಂದಿನ ತಗಡಿಗೆ ಬಡಿಯುತ್ತದೆ, ಚಾಚಿದ ಕೈ ತಾಗಬಾರದ ಕಡೆ ತಾಗುತ್ತದೆ. ಅವಳಿಗೆ ಅದನ್ನು ಹೇಳಿದೆ. ಸಮಾಧಾನ ಆಗಲಿಲ್ಲ.

ಮೆಚ್ಚಿದ್ದು ಒಂದು ಹೇಳಲೇಬೇಕು. ಗಿರಗಿರ ತಿರುಗುವ ರೈಡಿನಲ್ಲಿ ನಾನು ಒಳಗಡೆ ಕೂತು ಗುಂಡನನ್ನು ಹೊರಗಡೆ, ನೋಟ ಚೆನ್ನಾಗಿ ಕಾಣಲಿ ಅಂತ ಕೂರಿಸಿದ್ದೆ. ಅಲ್ಲಿನ ಹುಡುಗಿ ಓಡಿ ಬಂದು "ಮೇಡಂ, ಚಿಕ್ಕವರು ಒಳಗೆ, ದೊಡ್ಡವರು ಹೊರಗೆ" ಅಂದಳು. "ದಪ್ಪ ಇರೋರು" ಅನ್ನಲು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು ಅಂತ ನನಗೆ ಅನುಮಾನ. ರೈಡು ಶುರುವಾದ ಮೇಲೆ ಯಾಕೆ ಅಂತ ತಿಳಿಯಿತು. ತಿರುಗುವಾಗ ಎಲ್ಲರೂ ಹೊರಗಡೆಗೆ ಜಾರುತ್ತಾರೆ. ನಾನು ಒಳಗಿದ್ದಿದ್ದರೆ ನನ್ನ ಭಾರ ಪೂರ್ತಿ ಆ ಮಗುವಿನ ಮೇಲೆ ಬೀಳುತ್ತಿತ್ತು.

ಅಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರ ಬಗ್ಗೆ ನನ್ನ ದೂರು ಒಂದೂ ಇಲ್ಲ. ದೂರು ಇರುವುದು ಆ ಕರಡಿಯ ಮೇಲೆ.

ಹೊರಗೆ ಹೋಗುವಾಗ ಕರಡಿಯ ಹತ್ತಿರ ನಿಂತೆ. ಟೇಪು ಹಿಡಿದೆ. ನೆಲದಿಂದ ಕೈ ಕೆಳಗಿನವರೆಗೆ 100.4. ಒಂದೂವರೆ ಸೆಂಟಿಮೀಟರಿಗೂ ಜಾಸ್ತಿ ಕಮ್ಮಿ! ಇನ್ನೊಮ್ಮೆ ಹಿಡಿದೆ, ಅಷ್ಟೇ. ಸುತ್ತ ನೋಡಿದಾಗ ಕಾರಣ ಕಾಲ ಕೆಳಗೇ ಇತ್ತು. ಗೇಟಿನ ಅಂಗಳಕ್ಕೆ ಹೊಸದಾಗಿ ಟೈಲ್ಸ್ ಹಾಕಿದ್ದಾರೆ. ಕರಡಿಯನ್ನು ಕಿತ್ತಿಲ್ಲ, ಅದರ ಪಾದದ ಸುತ್ತ ಟೈಲ್ಸ್ ಕತ್ತರಿಸಿ ಕೂರಿಸಿದ್ದಾರೆ. ನೆಲ ಮೇಲೆ ಬಂತು, ಕರಡಿಯ ಕೈ ಇದ್ದಲ್ಲೇ ಇದೆ. ಯಾರೂ ಅಳೆಯಲಿಲ್ಲ. ದಿನಾ ಎಷ್ಟು ಮಕ್ಕಳಿಗೆ ಅದು "ನೀನು ಪಾಸು" ಅನ್ನುತ್ತಿದೆಯೋ.

ಪಕ್ಕದ ವಿಚಾರಣೆ ಕೌಂಟರಿನಲ್ಲಿ ಹೇಳಿದೆ. ಅಲ್ಲಿದ್ದವರು ನಕ್ಕು ಅಂದರು: "ಅದು ಸುಮ್ನೆ ಫೋಟೋಗೆ ಮೇಡಂ. ನಿಜವಾದ ಅಳತೆ ರೈಡಿನ ಹತ್ತಿರ."

ನನಗೆ ಕೋಪ ಬಂದದ್ದು ಆಗ. ಫೋಟೋಗೆ ಇಟ್ಟಿದ್ದರೆ 102 ಅಂತ ಬರೆಯಬಾರದು. ಅಂಕೆ ಬರೆದ ಮೇಲೆ ಅದು ಅಳತೆ. ನಿಜವಾದ ಅಳತೆ ಐವತ್ತೆಂಟು ನಿಮಿಷದ ಕ್ಯೂನ ಕೊನೆಯಲ್ಲೇ ಏಕೆ ಇರಬೇಕು? ಕ್ಯೂ ಶುರುವಾಗುವ ಕಡೆ ಇನ್ನೊಂದು ಕೋಲು ನಿಲ್ಲಿಸಿದರೆ ಆಯಿತು. ಗೇಟಿನಲ್ಲೇ ಒಬ್ಬರು ಸರಿಯಾಗಿ ಅಳೆದು ಕೈಗೆ ಬಣ್ಣದ ಪಟ್ಟಿ ಕಟ್ಟುವ ಪಾರ್ಕುಗಳೂ ಇವೆ. ಹಸಿರು ಪಟ್ಟಿ ಇದ್ದವರಿಗೆ ಇಷ್ಟು ರೈಡು, ಹಳದಿಗೆ ಇಷ್ಟು. ಮಗುವಿಗೆ ಬೆಳಿಗ್ಗೆಯೇ ಗೊತ್ತಾಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಬೇಜಾರಾದ ಮಗು ಹತ್ತೂವರೆಗೆ ಬೇರೆ ರೈಡಿನಲ್ಲಿ ಕಿರುಚುತ್ತಿರುತ್ತದೆ. ಸಂಜೆ ಐದಕ್ಕೆ, ಕಾಲು ನೋಯುತ್ತಿರುವಾಗ, ಬಾಗಿಲವರೆಗೆ ಬಂದು ತಿರುಗಿದ ಮಗುವಿಗೆ ಆ ದಿನ ಇನ್ನೇನೂ ಉಳಿದಿರುವುದಿಲ್ಲ.

ಇನ್ನೊಂದು ಸಣ್ಣ ದೂರು. ಸರದಿ ಬದಲಿ ಅಂತ ಒಂದು ವ್ಯವಸ್ಥೆ ಇದೆ. ಮಗು ಹತ್ತಲು ಆಗದಿದ್ದರೆ ಮನೆಯವರಲ್ಲಿ ಒಬ್ಬರು ಮಗುವಿನ ಜೊತೆ ಹೊರಗೆ ನಿಲ್ಲುವುದು, ಇನ್ನೊಬ್ಬರು ಹೋಗಿ ಬಂದ ಮೇಲೆ ಇವರು ಮತ್ತೆ ಕ್ಯೂ ಹಿಡಿಯದೆ ಹೋಗುವುದು. ಡಿಸ್ನಿಯಲ್ಲಿ ರೈಡರ್ ಸ್ವಿಚ್ ಅನ್ನುತ್ತಾರೆ, ಯೂನಿವರ್ಸಲ್‌ನಲ್ಲೂ ಇಂಥದ್ದು ಇದೆ. ಈ ಪಾರ್ಕಿನಲ್ಲೂ ಇದೆ. ಆದರೆ ಎಲ್ಲೂ ಬೋರ್ಡಿಲ್ಲ, ಕೇಳಿದವರಿಗೆ ಮಾತ್ರ. ನಾವು ಕೇಳಿದ್ದು ತಂಗಿ ಗಂಡ ಸಿಟ್ಟಿನಲ್ಲಿ ಗುಂಡನನ್ನು ಎತ್ತಿಕೊಂಡು ಹೋಗಿ ದೂರದ ಬೆಂಚಿನಲ್ಲಿ ಕೂತ ಮೇಲೆ. ಪಾಪ, ಅವರು ಕೊನೆಗೂ ಆ ರೈಡು ನೋಡಲಿಲ್ಲ.

ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನನ್ನ ಕಡೆಯಿಂದ ಒಂದು ಮಾತು. ನಾನು ಯೂನಿಫಾರಂ ಹೊಲಿಯುವಾಗ ಕೆಳಗೆ ಎರಡಿಂಚು ಮಡಿಚಿ ಬಿಡುತ್ತೇನೆ, ಮಗು ಬೆಳೆದಂತೆ ಬಿಚ್ಚಲಿ ಅಂತ. ಪಾರ್ಕಿನ ವಿಷಯದಲ್ಲಿ ಉಲ್ಟಾ ಮಾಡಿ. ಬೋರ್ಡಿನ ಅಂಕೆಗಿಂತ ಎರಡು ಸೆಂಟಿಮೀಟರ್ ಜಾಸ್ತಿ ಬೆಳೆಯುವವರೆಗೆ ಆ ರೈಡಿನ ಹೆಸರನ್ನೇ ಮಗುವಿನ ಮುಂದೆ ಎತ್ತಬೇಡಿ. ಚಪ್ಪಲಿ ಹಾಕಿ ಅಳೆಯುತ್ತಾರಾ, ಬಿಚ್ಚಿಸಿ ಅಳೆಯುತ್ತಾರಾ ಅಂತ ಮೊದಲೇ ಕೇಳಿ. ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಆ ಒಂದೂವರೆ ಎರಡು ಸೆಂಟಿಮೀಟರಿನಲ್ಲೇ ಎಲ್ಲ ಇರುವುದು. ಮತ್ತೆ ದಯವಿಟ್ಟು ಶೂ ಒಳಗೆ ಕಾಗದ ತುರುಕಬೇಡಿ. ತಲೆ ಕೋಲಿಗೆ ತಾಗುತ್ತದೆ, ತೊಡೆ ದಪ್ಪ ಆಗುವುದಿಲ್ಲ.

ಒಟ್ಟು ಸ್ಟಾರು ಎಷ್ಟು ಅಂತ ಕೇಳಿದರೆ ಮೂರು. ಆ ಆಪರೇಟರ್ ಹುಡುಗ ಇಲ್ಲದಿದ್ದರೆ ಎರಡು. ಕರಡಿಯನ್ನು ಒಂದು ಸೆಂಟಿಮೀಟರ್ ಆರು ಮಿಲಿಮೀಟರ್ ಮೇಲೆತ್ತಿದರೆ ನಾಲ್ಕಕ್ಕೆ ತಿದ್ದುತ್ತೇನೆ. ಅಷ್ಟೂ ಅಂಕೆ ಬರೆದೇ ಕಳಿಸಿದ್ದೇನೆ.

ಗುಂಡ ಈಗ ದಿನಾ ಸಂಜೆ ಬಂದು ಚೌಕಟ್ಟಿಗೆ ಆತು ನಿಲ್ಲುತ್ತಾನೆ. ಬೆಳಿಗ್ಗೆ ಅಳೆಯಲು ಹೋದರೆ "ಅದು ಲೆಕ್ಕಕ್ಕಿಲ್ಲ" ಅನ್ನುತ್ತಾನೆ. ನಿನ್ನೆ ಸಂಜೆಗೆ 102.1. ಇನ್ನೂ ಸ್ವಲ್ಪ ದಿನ ಹೋಗಲಿ ಅಂದಿದ್ದೇನೆ. ಮೊನ್ನೆ ಒಬ್ಬರು ಫ್ರಾಕಿಗೆ ಅಳತೆ ಕೊಡಿಸಲು ಪುಟ್ಟ ಮಗಳನ್ನು ಕರೆದುಕೊಂಡು ಬಂದಿದ್ದರು. ನಾನು ಟೇಪು ಹುಡುಕುತ್ತಿದ್ದೆ. ಅಷ್ಟರಲ್ಲಿ ಗುಂಡ ನನ್ನ ಉದ್ದದ ಮರದ ಸ್ಕೇಲು ಎತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತ. ಮೊಣಕಾಲೂರಿ ಕೂತ, ಆ ಹುಡುಗಿಯ ಮುಖ ನೋಡಿದ.

"ಚಪ್ಪಲಿ ಬಿಚ್ಚು ಪುಟ್ಟ" ಅಂದ.